ಕಾಲುವೆಗಿಳಿದ ಗಾಡಿ

ಕಂಪ್ಲಿಯ ಆಟೋ ಸ್ಟ್ಯಾಂಡಿನಲ್ಲಿ ಹಂಪಯ್ಯನಿಗೆ ಎರಡು ಕೆಲಸ. ಒಂದು ಆಟೋ ಓಡಿಸುವುದು, ಇನ್ನೊಂದು ಜನರನ್ನು ನಗಿಸುವುದು. ಮೊದಲನೆಯದು ಹೊಟ್ಟೆಪಾಡಿಗೆ, ಎರಡನೆಯದು ಪುಕ್ಕಟೆ. ಬುಕ್ಕಸಾಗರದ ಬಾಡಿಗೆ ಇಳಿಸಿ ಬಂದು, ಬೇವಿನ ಮರದ ನೆರಳಿಗೆ ಗಾಡಿ ನಿಲ್ಲಿಸಿ, ಟೀ ಗ್ಲಾಸು ಕೈಗೆ ಬಂತೆಂದರೆ ಅವನ ಬಾಯಿ ತೆರೆಯುತ್ತಿತ್ತು. ಒಮ್ಮೆ ತೆರೆದ ಮೇಲೆ ಪ್ಯಾಸೆಂಜರ್ ಬಂದು ಕೂಗಿದರೂ ಉಳಿದ ಡ್ರೈವರುಗಳು ಏಳುತ್ತಿರಲಿಲ್ಲ. ಇದ್ದದ್ದಕ್ಕೆ ಉಪ್ಪು ಖಾರ ಹಚ್ಚಿ, ನಡಿಗೆ ಮಾತು ಎಲ್ಲವನ್ನೂ ಆಡಿ ತೋರಿಸಿ, ಎಂಥ ಗಟ್ಟಿ ಮನುಷ್ಯನನ್ನೂ ನಗೆಪಾಟಲು ಮಾಡುವ ನಾಲಿಗೆ ಅದು. ಅಂಥ ನಾಲಿಗೆ, ಆಡಲೇಬೇಕಾಗಿದ್ದ ಹೊತ್ತಿನಲ್ಲಿ ಆಡದೆ ಬಾಯೊಳಗೇ ಬಿದ್ದುಕೊಂಡಿತು. ಆ ಸಂಗತಿಯನ್ನು ಹೇಳುವುದಕ್ಕೇ ಈ ಕತೆ.

ಅವನ ಕತೆಗಳಲ್ಲೆಲ್ಲ ಹೆಚ್ಚು ಓಡಿದ್ದು ಉಚ್ಚೆಂಗಪ್ಪನ ಸ್ಕೂಟರಿನ ಕತೆ. ಹದಿನೈದು ವರ್ಷಕ್ಕೂ ಹಿಂದಿನದು. ದನದ ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದ ಉಚ್ಚೆಂಗಪ್ಪ ಹೊಸಪೇಟೆಗೆ ಹೋಗಿ ಒಂದು ಬ್ಯಾಟರಿ ಸ್ಕೂಟರ್ ತಂದ. ಕಂಪ್ಲಿಯ ಜನ ಅಂಥದ್ದನ್ನು ಕಂಡದ್ದು ಅದೇ ಮೊದಲು. ಪೆಟ್ರೋಲ್ ಬೇಡ, ಲೈಸೆನ್ಸ್ ಬೇಡ, ರಾತ್ರಿ ಪ್ಲಗ್ಗಿಗೆ ಸಿಕ್ಕಿಸಿದರೆ ಹಗಲೆಲ್ಲ ಓಡುತ್ತದೆ ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ಹಗಲೆಲ್ಲ ಓಡಬೇಕಾದರೆ ರಾತ್ರಿಯೆಲ್ಲ ಕರೆಂಟ್ ಇರಬೇಕು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಕರೆಂಟೋ, ಆಗ ದೂರದ ನೆಂಟರ ಹಾಗೆ ಬಂದು ಮುಖ ತೋರಿಸಿ ಹೋಗುತ್ತಿತ್ತು. ಆ್ಯಸಿಡ್ ತುಂಬಿದ ಬ್ಯಾಟರಿಗಳು ಹೊರಲಾರದಷ್ಟು ಭಾರ. ಉಚ್ಚೆಂಗಪ್ಪ ಒಬ್ಬನೇ ಕೂತರೆ ಓಡುತ್ತಿದ್ದ ಸ್ಕೂಟರು, ಹಿಂದೆ ಹೆಂಡತಿ ಲಲಿತಾ ಕೂತಳೆಂದರೆ ಏರಿನಲ್ಲಿ ನಿಂತುಬಿಡುತ್ತಿತ್ತು. ಅವಳು ಇಳಿದು ನೂಕಬೇಕು, ಇವನು ಹ್ಯಾಂಡಲ್ ಹಿಡಿದು ಕೂತಿರಬೇಕು. ಹೀಗೆ ಒಮ್ಮೆ ಬುಕ್ಕಸಾಗರದ ದಾರಿಯಲ್ಲಿ ನಿಂತುಹೋದ ಸ್ಕೂಟರನ್ನು ಹಂಪಯ್ಯ ತನ್ನ ಡೀಸೆಲ್ ಆಟೋಗೆ ಹಗ್ಗ ಕಟ್ಟಿ ಕಂಪ್ಲಿಯ ತನಕ ಎಳೆದು ತಂದ.

ಎಳೆದು ತಂದದ್ದು ಒಂದೇ ಸಲ. ಅದನ್ನು ಹೇಳಿದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಹೇಳಿ ಹೇಳಿ, ಕಾಂಪೌಂಡರ್ ಉಚ್ಚೆಂಗಪ್ಪ ಹೋಗಿ ಬ್ಯಾಟರಿ ಉಚ್ಚೆಂಗಪ್ಪ ಆದ. ಸಂತೆಯಲ್ಲಿ ಅವನನ್ನು ಕಂಡವರು "ಹಗ್ಗ ಬೇಕೇನ್ರಿ?" ಎಂದು ಕೇಳುತ್ತಿದ್ದರು. ಕೊನೆಗೆ ಅವನು ಸ್ಕೂಟರನ್ನು ಕೊಟ್ಟಿಗೆಗೆ ತಳ್ಳಿ, ವರ್ಗ ಮಾಡಿಸಿಕೊಂಡು ಊರೇ ಬಿಟ್ಟ. ಸ್ಕೂಟರು ಸರಿಯಿರಲಿಲ್ಲ, ಅದು ನಿಜ. ಮನುಷ್ಯ ಸರಿಯಾಗಿಯೇ ಇದ್ದ. ಆದರೆ ನಗುವವರು ಅಷ್ಟೆಲ್ಲ ನೋಡುತ್ತಾರೆಯೇ?

ಹಂಪಯ್ಯನಿಗೆ ಒಬ್ಬಳೇ ಮಗಳು, ದುರ್ಗಾ. ಸಣ್ಣವಳಿದ್ದಾಗ ಶಾಲೆ ಬಿಟ್ಟೊಡನೆ ಸ್ಟ್ಯಾಂಡಿಗೆ ಓಡಿ ಬಂದು ಅಪ್ಪನ ಸೀಟಿನ ತುದಿಯಲ್ಲಿ ಕೂರುತ್ತಿದ್ದಳು. ಅವನು ಗೇರ್ ಬದಲಿಸುವುದನ್ನು ಬಾಯಿ ತೆರೆದುಕೊಂಡು ನೋಡುತ್ತಿದ್ದಳು. "ಯಪ್ಪಾ, ನನಗೂ ಕಲಿಸು" ಎಂದರೆ, "ನಿನಗ್ಯಾಕವ್ವ ಅದು, ಮೊದಲು ರೊಟ್ಟಿ ಬಡಿಯೋದು ಕಲಿ" ಎಂದು ಅವನು ನಕ್ಕುಬಿಡುತ್ತಿದ್ದ. ದೊಡ್ಡವಳಾದ ಮೇಲೆ ಮರಿಯಮ್ಮನಹಳ್ಳಿಗೆ ಮದುವೆ ಮಾಡಿ ಕೊಟ್ಟ. ಆ ಮದುವೆ ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಎಂದು ಊರವರು ತಲೆಗೊಂದು ಮಾತು ಆಡಿದರು, ದುರ್ಗಾ ಮಾತ್ರ ಯಾರಿಗೂ ಏನೂ ಹೇಳದೆ ಬಟ್ಟೆಯ ಚೀಲ ಹಿಡಿದು ತವರಿಗೆ ಬಂದಳು.

ಹಂಪಿಯಲ್ಲಿ ವಿಠ್ಠಲ ಗುಡಿಯ ಹತ್ತಿರಕ್ಕೆ ಡೀಸೆಲ್, ಪೆಟ್ರೋಲ್ ಗಾಡಿಗಳನ್ನು ಬಿಡುವುದಿಲ್ಲ. ದೂರದಲ್ಲೇ ಇಳಿದು, ಅಲ್ಲಿಂದ ಬ್ಯಾಟರಿ ಗಾಡಿಯಲ್ಲಿ ಕೂತು ಹೋಗಬೇಕು. ಅವನ್ನು ಓಡಿಸಲು ಸುತ್ತಲಿನ ಊರುಗಳ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರೆಂದು ಕೇಳಿ ದುರ್ಗಾ ಹೋದಳು. ಅಪ್ಪ ಕಲಿಸದೆ ಬಿಟ್ಟದ್ದನ್ನು ಅಲ್ಲಿ ಯಾರೋ ಹೊರಗಿನವರು ಕಲಿಸಿದರು. ಹಂಪಯ್ಯ ಆಗಾಗ ಹೊಸಪೇಟೆಯಿಂದ ಪ್ರವಾಸಿಗರನ್ನು ತುಂಬಿಕೊಂಡು ಆ ಕಡೆಗೆ ಹೋಗುವುದಿತ್ತು. ಗೇಟಿನ ಈಚೆಗೆ ಅವನು ಇಳಿಸಿದವರನ್ನು ಗೇಟಿನ ಆಚೆಗೆ ಅವನ ಮಗಳು ಕೂರಿಸಿಕೊಂಡು ಹೋಗುತ್ತಿದ್ದಳು. ಬೇರೆ ಅಪ್ಪನಾಗಿದ್ದರೆ ನಿಂತು ಕಣ್ತುಂಬ ನೋಡುತ್ತಿದ್ದನೇನೋ. ಇವನು ಕಂಡೂ ಕಾಣದವನ ಹಾಗೆ ಗಾಡಿ ತಿರುಗಿಸಿಕೊಂಡು ಬಂದುಬಿಡುತ್ತಿದ್ದ. ಸ್ಟ್ಯಾಂಡಿನಲ್ಲಿ ಯಾರಾದರೂ ಕೇಳಿದರೆ, "ಅದೇನ್ ಗಾಡಿ ಬಿಡಲೇ, ಹುಡುಗ್ರನ್ನ ಕುಂದ್ರಿಸಿ ಒಂದ್ ಸುತ್ತು ತಿರುಗಿಸ್ತಾರಲ್ಲ, ಆ ಜಾತಿದು" ಎನ್ನುತ್ತಿದ್ದ.

ದುರ್ಗಾ ಕೆಲವು ವರ್ಷ ಅಲ್ಲಿ ದುಡಿದು, ಆಮೇಲೆ ಸ್ವಂತ ಬ್ಯಾಟರಿ ಆಟೋ ತಂದಳು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಹೊಸಪೇಟೆಯ ಸ್ಟೇಷನ್ ರೋಡಿನಲ್ಲಿ ನಿಂತರೆ ಹೋಗುವ ಬರುವ ಸ್ಕೂಟರುಗಳಲ್ಲಿ ಎಷ್ಟೋ ಸದ್ದಿಲ್ಲದವು. ಹಾಲಿನವನು, ಕೊರಿಯರಿನವನು, ಶಾಲೆಯ ಟೀಚರಮ್ಮ, ಎಲ್ಲರೂ ಅದರ ಮೇಲೆಯೇ. ಭಾರದ ಆ್ಯಸಿಡ್ ಬ್ಯಾಟರಿ ಹೋಗಿ, ಮುಚ್ಚಿದ ಪೆಟ್ಟಿಗೆಯಂಥದ್ದು ಬಂದು ಸೀಟಿನ ಕೆಳಗೆ ಅಡಗಿ ಕೂತಿತ್ತು. ಕಂಪ್ಲಿ ಸ್ಟ್ಯಾಂಡಿಗೆ ಮೊದಲ ಬ್ಯಾಟರಿ ಆಟೋ ದುರ್ಗಾಳದು, ಮೊದಲ ಹೆಂಗಸು ಡ್ರೈವರ್ ಕೂಡ ಅವಳೇ. ಡ್ರೈವರುಗಳು ಮುಖ ಗಂಟು ಹಾಕಿಕೊಂಡೇ ಜಾಗ ಕೊಟ್ಟರು. ಹಂಪಯ್ಯನ ಗೆಳೆಯ ಗಾದಿಲಿಂಗ, "ಹಂಪಯ್ಯನ ಮಗಳು ಅಂತ ಬಿಟ್ಟೀವಿ ನೋಡವ್ವ" ಎಂದು ಉಪಕಾರ ಹೊರಿಸಿದ.

ಆದರೆ ಹೆಂಗಸರು ಯಾರ ಉಪಕಾರಕ್ಕೂ ಕಾಯಲಿಲ್ಲ. ಕುಲುಕಾಟ ಇಲ್ಲ, ಹೊಗೆ ಇಲ್ಲ, ಪಕ್ಕದಲ್ಲಿ ಮೈ ತಾಗಿಸಿಕೊಂಡು ಕೂರುವ ಗಂಡಸಿಲ್ಲ. ದಿನ ತುಂಬಿದ ಬಸುರಿಯರು, ಶಾಲೆಯ ಹುಡುಗಿಯರು, ಬುಕ್ಕಸಾಗರದಿಂದ ತರಕಾರಿ ಬುಟ್ಟಿ ಹೊತ್ತು ಬರುವವರು, ಎಲ್ಲರಿಗೂ ದುರ್ಗಾಳ ಗಾಡಿಯೇ ಬೇಕು. ಗಂಡಂದಿರೂ, "ದುರ್ಗಾನ ಗಾಡ್ಯಾಗ ಆದ್ರ ಹೋಗು" ಎಂದು ಕಳಿಸುತ್ತಿದ್ದರು. ಗಂಡನ ಮನೆ ಬಿಟ್ಟು ಬಂದವಳೆಂದು ಬೆನ್ನ ಹಿಂದೆ ಪಿಸುಗುಟ್ಟುತ್ತಿದ್ದ ಊರು, ಈಗ ತನ್ನ ಹೆಣ್ಣುಮಕ್ಕಳನ್ನು ನಂಬಿ ಅವಳ ಕೈಗೆ ಒಪ್ಪಿಸುತ್ತಿತ್ತು. ದುರ್ಗಾಳಿಗೆ ಇದ್ದ ಆಸ್ತಿ ಅಂದರೆ ಈ ಹೆಸರು ಒಂದೇ.

ಹಂಪಯ್ಯ ಮಾತ್ರ ಆ ಗಾಡಿಯಲ್ಲಿ ಒಮ್ಮೆಯೂ ಕೂರಲಿಲ್ಲ. ಅವನ ಮನೆಯ ಕಿಟಕಿಯಿಂದಲೇ ಅದಕ್ಕೆ ಚಾರ್ಜಿನ ವೈರು ಹೋಗಬೇಕು, ಅವನ ಅಂಗಳದಲ್ಲೇ ಅದು ನಿಲ್ಲಬೇಕು, ಆದರೆ ಅವನು ಅದನ್ನು ಸುತ್ತು ಹಾಕಿಕೊಂಡು ಓಡಾಡುತ್ತಿದ್ದ. "ಗಾಡಿ ಅಂದ್ರ ನಾಕ್ ಮಂದಿಗೆ ಕೇಳಬೇಕು. ಇದೇನು, ಕಳ್ಳ ಬೆಕ್ಕು ಬಂದಂಗ ಬರ್ತದ" ಎಂದು ಸ್ಟ್ಯಾಂಡಿನಲ್ಲೂ, ಮನೆಯಲ್ಲಿ ಹೆಂಡತಿ ಜಂಬಕ್ಕನ ಹತ್ತಿರವೂ ಗೊಣಗುತ್ತಿದ್ದ. ಜಂಬಕ್ಕ ಬಾಯಿ ಬಿಡುವವಳಲ್ಲ. ಒಂದು ದಿನ ಮಾತ್ರ, "ಮಗಳು ದುಡಿದು ತಂದ ಗಾಡಿ. ಒಂದಿನ ಕುಂತ್ರ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು. ಅವನು ಟವಲ್ ಕೊಡವಿ ಹೊರಗೆ ಹೋದ.

ಅವನೊಳಗಿನ ಕಲ್ಲು ಕರಗಿದ್ದು ದಸರೆಯ ಮಾನೌಮಿ ಹಬ್ಬ ಹತ್ತಿರ ಬಂದಾಗ. ಒಂದು ಮಧ್ಯಾಹ್ನ ತರಕಾರಿಯ ವಿರುಪಮ್ಮ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು. ಹಂಪಯ್ಯ ಗಾಡಿ ತಂದು ನಿಲ್ಲಿಸಿ, "ಬರ್ರಿ ವಿರುಪಮ್ಮ, ಕುಂದ್ರಿ" ಎಂದ. ಎಷ್ಟೋ ವರ್ಷದಿಂದ ಅವನ ಗಾಡಿಯಲ್ಲೇ ಓಡಾಡಿದವಳು ಅವಳು. "ಬ್ಯಾಡಣ್ಣ, ನೀ ಹೋಗು. ನಿನ್ನ ಮಗಳು ಬರ್ತಾಳ" ಎಂದಳು. ಹಂಪಯ್ಯನಿಗೆ ಮೊದಲು ಉರಿದುಹೋಯಿತು. ಖಾಲಿ ಗಾಡಿ ಓಡಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಗೊಣಗಿದ. ಮನೆ ಮುಟ್ಟುವ ಹೊತ್ತಿಗೆ ನೋಡುತ್ತಾನೆ, ತಾನು ಗೊಣಗುತ್ತಿಲ್ಲ, ನಗುತ್ತಿದ್ದಾನೆ. ತನ್ನ ಬಾಡಿಗೆ ಕಸಿದುಕೊಂಡವಳು ತನ್ನ ಮಗಳೇ ಎಂದು ಎದೆ ಉಬ್ಬಿತ್ತು. ಅದನ್ನು ಯಾರ ಮುಂದೆಯೂ ಹೇಳುವುದು ಅವನಿಂದ ಆಗಲಿಲ್ಲ.

ಅವರ ಮನೆತನದಲ್ಲಿ ಒಂದು ರೂಢಿ ಇತ್ತು. ಹಂಪಯ್ಯನ ಅಪ್ಪ ಎತ್ತು ಹೂಡುತ್ತಿದ್ದವನು. ಮಾನೌಮಿಗೆ ಮುಂಚೆ ಎತ್ತುಗಳನ್ನು ಕಾಲುವೆಗೆ ಇಳಿಸಿ, ಹುಲ್ಲಿನ ಸಿಂಬಿಯಿಂದ ಮೈ ತಿಕ್ಕಿ ತೊಳೆಯುವುದು ಮನೆಯ ಯಜಮಾನನ ಕೆಲಸ. ಅದನ್ನು ಆಳಿಗೆ ಬಿಡುವಂತಿಲ್ಲ. ಹೊಸದಾಗಿ ಕೊಂಡ ಎತ್ತಾದರೂ ಯಜಮಾನನ ಕೈಯಲ್ಲಿ ಒಮ್ಮೆ ಕಾಲುವೆಗೆ ಇಳಿದ ಮೇಲೆಯೇ ಮನೆಯದಾಗುತ್ತಿತ್ತು. ಎತ್ತು ಹೋಗಿ ಆಟೋ ಬಂದರೂ ಹಂಪಯ್ಯ ಆ ರೂಢಿ ಬಿಟ್ಟಿರಲಿಲ್ಲ. ಪ್ರತಿ ವರ್ಷ ದನ ಇಳಿಯುವ ಅದೇ ಇಳಿಜಾರಿನಲ್ಲಿ ಗಾಡಿ ಇಳಿಸಿ, ನೀರು ಕಾಲಿಡುವ ಹಲಗೆ ಮುಟ್ಟುವ ತನಕ ನಿಲ್ಲಿಸಿ ತೊಳೆಯುತ್ತಿದ್ದ. ಡೀಸೆಲ್ ಗಾಡಿ ಒಂದಿಷ್ಟು ನೀರು ಕುಡಿದರೂ ನಾಲ್ಕು ಸಲ ಕೆಮ್ಮಿ, ಕರಿ ಹೊಗೆ ಕಾರಿ, ಮತ್ತೆ ಏರಿ ಬರುತ್ತಿತ್ತು. ಸ್ಟ್ಯಾಂಡಿನ ಎಲ್ಲರದೂ ಅದೇ ಪದ್ಧತಿ. ಆಯುಧ ಪೂಜೆಯ ಬೆಳಿಗ್ಗೆ ಕಾಲುವೆಯಲ್ಲಿ ಆಟೋಗಳ ಸಾಲು ನಿಲ್ಲುತ್ತಿತ್ತು.

ದುರ್ಗಾ ಮಾತ್ರ ಹೋದ ವರ್ಷ ಅಂಗಳದಲ್ಲಿ ಕೂತು ಒದ್ದೆ ಬಟ್ಟೆಯಿಂದ ಗಾಡಿ ಒರೆಸಿದ್ದಳು. ಒಂದು ತಂಬಿಗೆ ನೀರನ್ನೂ ಹಾಕಿರಲಿಲ್ಲ. ಹಾಗೆ ಒರೆಸಬೇಕೆಂದು ಶೋರೂಮಿನವರು ಹೇಳಿ ಕಳಿಸಿದ್ದರು, ಅವಳು ಹಾಗೆ ಮಾಡಿದ್ದಳು. ಹಂಪಯ್ಯನಿಗೆ ಅದು ಗೊತ್ತಿಲ್ಲ. ಅವನು ಕೇಳಲೂ ಇಲ್ಲ. ಅವನ ಕಣ್ಣಿಗೆ ಕಂಡದ್ದೇ ಬೇರೆ. ಕಾಲುವೆಗೆ ಇಳಿಸಿ ಕೊಡುವ ಗಂಡಸು ದಿಕ್ಕಿಲ್ಲದೆ, ಅಪ್ಪ ಇದ್ದೂ ಇಲ್ಲದವಳ ಹಾಗೆ ಮಗಳು ಒಬ್ಬಳೇ ಕೂತು ಗಾಡಿ ಒರೆಸುತ್ತಿದ್ದಾಳೆ ಎಂದುಕೊಂಡಿದ್ದ. ಹೋದ ವರ್ಷ ಕಂಡೂ ಸುಮ್ಮನಿದ್ದದ್ದು ಈ ವರ್ಷ ಚುಚ್ಚತೊಡಗಿತು. ಈ ಸಲ ತಾನೇ ಇಳಿಸಬೇಕು, ಇದು ನಮ್ಮ ಮನೆಯ ಗಾಡಿ ಎಂದು ತನ್ನ ಕೈಯಾರೆ ತೊಳೆದು ತಂದು ಅವಳ ಮುಂದೆ ನಿಲ್ಲಿಸಬೇಕು ಎಂದು ತೀರ್ಮಾನಿಸಿದ.

ಆದರೆ ಪೂಜೆಯ ಬೆಳಿಗ್ಗೆ ಹೋದರೆ ಸ್ಟ್ಯಾಂಡಿನವರೆಲ್ಲ ಅಲ್ಲಿರುತ್ತಾರೆ. ಬೆಕ್ಕು ಎಂದು ಬೈದ ಗಾಡಿಯ ಮೈ ತಿಕ್ಕುವುದನ್ನು ಅವರ ಕಣ್ಣೆದುರು ಮಾಡುವುದುಂಟೆ? ಅದಕ್ಕೇ ಅವನು ಹಬ್ಬದ ಹಿಂದಿನ ದಿನ, ಇನ್ನೂ ಬೆಳಕು ಹರಿಯುವ ಮುಂಚೆಯೇ ಎದ್ದ. ದೇವರ ಫೋಟೋದ ಪಕ್ಕದ ಮೊಳೆಯಿಂದ ಕೀ ತೆಗೆದುಕೊಂಡು, ಬಕೆಟ್ಟು, ಹಳೆಯ ಬನಿಯನ್ನು ಹಿಡಿದು ಹೊರಟ. ಗಾಡಿ ಅಂಗಳದಿಂದ ಹೊರಗೆ ಹೋದದ್ದು ಮನೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಓಡಿಸುವಾಗ ಹಂಪಯ್ಯನಿಗೆ ಆಶ್ಚರ್ಯವಾಯಿತು. ಕೈ ತಿರುಗಿಸಿದಷ್ಟೇ ಹೋಗುತ್ತದೆ. ಗೇರಿನ ಗುದ್ದಾಟವಿಲ್ಲ, ಸೊಂಟಕ್ಕೆ ಪೆಟ್ಟಿಲ್ಲ. ಗದ್ದೆಯಲ್ಲಿ ಕೊಕ್ಕರೆಗಳು ಗಾಡಿ ಹತ್ತಿರ ಬಂದರೂ ಹಾರಲಿಲ್ಲ. ಭತ್ತದ ತೆನೆಯ ವಾಸನೆ ಹೊಗೆಯ ಅಡ್ಡಿಯಿಲ್ಲದೆ ಮೂಗಿಗೆ ಬಂತು. "ಭಾಳ ಚಲೋ ಅದಿ ಬಿಡು ನೀ" ಎಂದು ಗಾಡಿಗೇ ಹೇಳಿದ. ಮಗಳಿಗೆ ಈ ಮಾತು ಹೇಳಬೇಕು ಅನ್ನಿಸಿತು. ಮುಂದೆಂದೂ ಹೇಳಲಿಲ್ಲ ಎನ್ನುವುದು ಬೇರೆ ಮಾತು.

ಕಾಲುವೆ ತುಂಬಿ ಹರಿಯುತ್ತಿತ್ತು. ಹಂಪಯ್ಯ ಇಳಿಜಾರಿನಲ್ಲಿ ನಿಧಾನವಾಗಿ ಗಾಡಿ ಇಳಿಸಿದ. ತನ್ನ ಆಟೋದ ಲೆಕ್ಕದಲ್ಲೇ ನಿಲ್ಲಿಸಿದ, ಆದರೆ ಇದು ಅದಕ್ಕಿಂತ ತಗ್ಗಿನ ಗಾಡಿ. ನೀರು ಹಲಗೆ ದಾಟಿ ಒಳಗೆ ಬಂತು. ಬರಲಿ, ಧೂಳು ಹೋಗುತ್ತದೆ ಎಂದುಕೊಂಡ. ಬಕೆಟ್ಟಿನಿಂದ ಎರಚಿದ. ಚಕ್ರ ತಿಕ್ಕಿದ, ಗಾಜು ತಿಕ್ಕಿದ. ಸೀಟು ಎತ್ತಿ ನೋಡಿದರೆ ಕೆಳಗೆ ಮುಚ್ಚಳ, ಮುಚ್ಚಳದ ಸುತ್ತ ವರ್ಷದ ಧೂಳು ಕೂತಿತ್ತು. ಮಗಳ ಕೈ ಇಲ್ಲಿಗೆ ಮುಟ್ಟಿಲ್ಲ ಎಂದು ಮರುಗಿ, ಮುಚ್ಚಳ ಬಿಚ್ಚಿ, ಒಳಗೂ ನೀರು ಸುರಿದು ತೊಳೆದ. ಎತ್ತಿನ ಕಿವಿಯ ಸಂದಿಯನ್ನೂ ಬಿಡದೆ ತೊಳೆಯುತ್ತಿದ್ದ ಅಪ್ಪನ ಮಗ ಅವನು.

ಮುಗಿಸಿ ಹತ್ತಿ ಕೂತು ಕೀ ತಿರುಗಿಸಿದ. ಮುಂದಿನ ದೀಪ ಹತ್ತಿತು. ಸೀಟಿನ ಕೆಳಗೆ ಟಪ್ ಎಂದು ಸಣ್ಣ ಸದ್ದಾಯಿತು, ವೈರು ಸುಟ್ಟ ವಾಸನೆ ಬಂತು, ದೀಪ ಆರಿತು. ಮತ್ತೆ ತಿರುಗಿಸಿದ. ಏನೂ ಇಲ್ಲ. ಡೀಸೆಲ್ ಗಾಡಿಯಾಗಿದ್ದರೆ ಕೆಮ್ಮುತ್ತಿತ್ತು, ಬೈದು ಒದ್ದರೆ ಏಳುತ್ತಿತ್ತು. ಇದು ಸುಮ್ಮನೆ ನೀರಿನಲ್ಲಿ ನಿಂತಿತ್ತು. ಹಂಪಯ್ಯ ಇಳಿದು ನೂಕತೊಡಗಿದ.

ಅಂಗಳದಲ್ಲಿ ಗಾಡಿ ಇಲ್ಲದ್ದನ್ನು ಕಂಡು ದುರ್ಗಾ, ಜಂಬಕ್ಕ ಹುಡುಕಿಕೊಂಡು ಬಂದಾಗ ಅವನು ಸೊಂಟದ ತನಕ ನೀರಲ್ಲಿ ನಿಂತು ಒಬ್ಬನೇ ಗಾಡಿ ನೂಕುತ್ತಿದ್ದ. ದುರ್ಗಾ ಇಳಿಜಾರಿನ ತಲೆಯಲ್ಲಿ ನಿಂತಲ್ಲೇ ನಿಂತಳು. ಎತ್ತಿದ ಸೀಟನ್ನು ನೋಡಿದಳು, ಬಕೆಟ್ಟನ್ನು ನೋಡಿದಳು.

"ಯಪ್ಪಾ, ಕೀ ತಿರುವಿದ್ಯಾ?" ಎಂದಳು.

"ತಿರುವಿದ್ನೆವ್ವ."

ಅವಳು ಸೀರೆಯ ನೆರಿಗೆ ಎತ್ತಿ ಕಟ್ಟಿ ನೀರಿಗೆ ಇಳಿದು, ಅಪ್ಪನ ಪಕ್ಕದಲ್ಲಿ ನಿಂತು ನೂಕಿದಳು. ಜಂಬಕ್ಕನೂ ಇಳಿದಳು. ಮೂವರು ನೂಕಿದರೂ ಕೆಸರಿನಲ್ಲಿ ಹೂತ ಚಕ್ರ ಏಳಲಿಲ್ಲ. ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಆ ದಾರಿಗೆ ಬಂತು. ಡ್ರೈವರು ಇಳಿದು ಹಗ್ಗ ಕಟ್ಟುತ್ತ, "ಬ್ಯಾಟರಿ ಗಾಡಿನ ನೀರಾಗ ಇಳಿಸ್ಯಾರಲ್ರೀ! ಯಾರ್ರೀ ಈ ಶಾಣ್ಯಾರು?" ಎಂದು ನಕ್ಕ.

ಹಂಪಯ್ಯ ಬಾಯಿ ತೆರೆದ. ಅವನಿಗಿಂತ ಮೊದಲು ದುರ್ಗಾ, "ನಾನ್ರೀ" ಎಂದಳು.

ಹಂಪಯ್ಯ ತೆರೆದ ಬಾಯಿ ಮುಚ್ಚಿದ.

ಹೊಸಪೇಟೆಯ ಶೋರೂಮಿನಲ್ಲಿ ಮೆಕ್ಯಾನಿಕ್ ಸೀಟು ಎತ್ತಿ ನೋಡಿ ತಲೆಯಾಡಿಸಿದ. ಒಳಗಿನ ಕಂಟ್ರೋಲರ್ ಸುಟ್ಟುಹೋಗಿದೆ, ಬ್ಯಾಟರಿಗೂ ನೀರು ಹೊಕ್ಕಿದೆ, ಮಳೆಗೆ ಏನೂ ಆಗದ ಗಾಡಿ, ಆದರೆ ಮುಚ್ಚಳ ಬಿಚ್ಚಿ ನೀರಿಗೆ ಇಳಿಸಿದ್ದಕ್ಕೆ ಕಂಪನಿ ಹೊಣೆಯಲ್ಲ ಎಂದ. "ಗಾಡಿ ಕೊಡೋವಾಗ ಹೇಳಿದ್ವಲ್ಲಮ್ಮ, ಒದ್ದೆ ಬಟ್ಟ್ಯಾಗ ಒರಸ್ರಿ ಅಂತ. ಯಾರು ಮಾಡಿದ್ರು ಇದನ್ನ?" ಎಂದು ಕೇಳಿದ. ಒದ್ದೆ ಬಟ್ಟೆ ಎಂಬ ಮಾತು ಕಿವಿಗೆ ಬಿದ್ದಾಗ ಹಂಪಯ್ಯನಿಗೆ ಹೋದ ವರ್ಷ ಮಗಳು ಅಂಗಳದಲ್ಲಿ ಕೂತು ಒರೆಸಿದ್ದು ಯಾಕೆ ಎಂದು ತಿಳಿಯಿತು. ತಿಳಿದು ಏನು ಬಂತು. "ನಾನ ಮಾಡಿದ್ದು, ಮರತು" ಎಂದಳು ದುರ್ಗಾ. ಹಂಪಯ್ಯ ಗೋಡೆಗೆ ಅಂಟಿಸಿದ ಹೊಸ ಗಾಡಿಯ ಚಿತ್ರ ನೋಡುತ್ತ ನಿಂತಿದ್ದ.

ಗಾಡಿ ಅಲ್ಲೇ ಬಿಟ್ಟು ಬಸ್ಸಿನಲ್ಲಿ ಊರಿಗೆ ಬರುವಾಗ ಅಪ್ಪ ಮಗಳು ಅಕ್ಕಪಕ್ಕ ಕೂತಿದ್ದರು.

"ಯಾಕವ್ವ ಹಂಗ ಅಂದಿ?" ಎಂದು ಹಂಪಯ್ಯ ಮೆಲ್ಲಗೆ ಕೇಳಿದ.

"ಮತ್ತೇನನ್ನಲಿ? ನೀನಂತ ಅಂದಿದ್ರ ಸ್ಟ್ಯಾಂಡಿನ್ಯಾಗ ಬಿಡ್ತಿದ್ರೇನು ನಿನ್ನ? ಇರೋತನ ನಗ್ತಿದ್ರು. ಅವ್ರಿಗೆ ನಗೋದು ಕಲಿಸಿದಾಂವ ನೀನ ಅಲ್ಲೇನು? ನನ್ನಾದ್ರ ನಾಕ್ ದಿನ ನಗ್ತಾರ, ಬಿಡ್ತಾರ." ಅವನ ಕಡೆ ತಿರುಗಿ ಮತ್ತೆ ಹೇಳಿದಳು. "ನೀ ಬೇಕಂತ ಮಾಡಿಲ್ಲಲ್ಲ ಯಪ್ಪಾ. ತೊಳಿಯಾಕ ಒಯ್ದಿದ್ದಿ. ನನಗ ಅಷ್ಟ ಸಾಕು."

ಇಂಥ ಮಾತು ಕೇಳಿದ ಮೇಲೆ ಅಪ್ಪನಾದವನು ಬಸ್ಸಿನಿಂದ ಇಳಿದು ನೇರ ಸ್ಟ್ಯಾಂಡಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಬೇಕಿತ್ತು. ಹಂಪಯ್ಯನಿಗೆ ಆದದ್ದು ಸಮಾಧಾನ. ಬಚಾವಾದೆ ಎನ್ನುವ ಸಮಾಧಾನ. ಹೇಳಿಕೊಳ್ಳಲು ನಾಚಿಕೆಯಾಗಬೇಕಾದ ಮಾತು, ಆದರೆ ಆದದ್ದು ಅದೇ. ಹಬ್ಬ ಕಳೆಯಲಿ, ಹೇಳಿದರಾಯಿತು ಎಂದುಕೊಂಡ.

ಟ್ರ್ಯಾಕ್ಟರಿನವನು ಸುಮ್ಮನಿದ್ದನೆ? ದಸರೆಯ ದಿನ ಬನ್ನಿ ಕೊಟ್ಟು ಕೈ ಹಿಡಿಯಲು ಎಲ್ಲರೂ ಸ್ಟ್ಯಾಂಡಿನಲ್ಲಿ ಸೇರುವ ಹೊತ್ತಿಗೆ ಸುದ್ದಿ ಅಲ್ಲಿ ಬಂದು ಕೂತಿತ್ತು. ಗಾದಿಲಿಂಗ ಟವಲನ್ನು ಸೆರಗಿನ ಹಾಗೆ ಹೊದ್ದು, ಗಾಡಿಯನ್ನು ನೀರಿಗೆ ಇಳಿಸುವ ಹೆಂಗಸಾದ. "ಬಾ ನನ್ನ ಬಂಗಾರ, ಮೈ ತೊಳಿತೀನಿ ಬಾ" ಎಂದು ದನಿ ತೆಗೆದ. ಡ್ರೈವರುಗಳು ಹೊಟ್ಟೆ ಹಿಡಿದುಕೊಂಡರು. ಯಾರೋ ಒಬ್ಬ, "ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ರ ಇನ್ನೇನಾಗ್ತದ" ಎಂದ. ಗಾದಿಲಿಂಗ ಹಂಪಯ್ಯನ ಕಡೆ ತಿರುಗಿ, "ಸಿಟ್ಟು ಮಾಡ್ಕೋಬ್ಯಾಡಲೇ ಹಂಪಯ್ಯ, ನಿನ್ನ ಹತ್ರನ ಕಲ್ತಿದ್ದು ಇದು" ಎಂದ. ಎಲ್ಲರೂ ಹಂಪಯ್ಯನ ಮುಖ ನೋಡಿದರು.

ಹಂಪಯ್ಯ ನಕ್ಕ. ಸುಮ್ಮನಿದ್ದಿದ್ದರೂ ಆಗುತ್ತಿತ್ತು, ಎದ್ದು ಹೋಗಿದ್ದರೂ ಆಗುತ್ತಿತ್ತು. ಕೈಯಲ್ಲಿ ಬನ್ನಿ ಎಲೆ ಹಿಡಿದುಕೊಂಡು ಅವರೊಂದಿಗೆ ನಕ್ಕ.

ಗಾಡಿ ರಿಪೇರಿಗೆ ಅವನು ತನ್ನ ಡೀಸೆಲ್ ಆಟೋವನ್ನು ಮಾರಿದ. ಜಂಬಕ್ಕ ಬೇಡ ಎನ್ನಲಿಲ್ಲ. ದುರ್ಗಾ ಬೇಡವೆಂದರೂ ಕೇಳಲಿಲ್ಲ. ಬಾಯಿಂದ ಮಾಡಬೇಕಾದದ್ದನ್ನು ಕೈಯಿಂದ ಮಾಡಿ ಮುಗಿಸಬಹುದು ಎಂದು ಅವನು ತಿಳಿದಂತಿತ್ತು. ಹೊಸ ಬ್ಯಾಟರಿ ಹಾಕಿಸಿಕೊಂಡು ಗಾಡಿ ಮೊದಲಿನಂತೆಯೇ ಓಡುತ್ತ ಬಂತು. ಬಾರದೆ ಹೋದವರು ಪ್ಯಾಸೆಂಜರುಗಳು.

ಊರೆಂಬ ಊರಿಗೆ ಕತೆ ಹಬ್ಬಿತ್ತು. ದುರ್ಗಾ ಗಾಡಿಯನ್ನು ಕಾಲುವೆಗೆ ಇಳಿಸಿದಳು ಎಂದು ಶುರುವಾದದ್ದು ಕಾಲುವೆಗೆ ಬೀಳಿಸಿದಳು ಎಂದಾಗಿತ್ತು. ಆಮೇಲೆ ಒಳಗೆ ಮಕ್ಕಳಿದ್ದರಂತೆ, ದೇವರು ದೊಡ್ಡವನು, ಬದುಕಿದರಂತೆ ಎಂದೂ ಆಯಿತು. ನೀರು ಹೊಕ್ಕ ಬ್ಯಾಟರಿ ಕೂತವರಿಗೆ ಶಾಕ್ ಹೊಡೆಯುತ್ತದೆ ಎಂದು ಯಾರೋ ಹೇಳಿದರು. ಶಾಲೆಯ ಹುಡುಗಿಯರನ್ನು ತಾಯಂದಿರು ಬೇರೆ ಆಟೋಗೆ ಹತ್ತಿಸಿದರು. ಬಸುರಿಯರ ಅತ್ತೆಯಂದಿರು ಬೇಡ ಎಂದರು. ವಿರುಪಮ್ಮ ಒಳ್ಳೆಯ ಹೆಂಗಸು, ದುರ್ಗಾಳ ಹತ್ತಿರ ಬಂದು, "ನನಗೇನಿಲ್ಲವ್ವ, ನಮ್ಮ ಮನ್ಯಾಗ ಬ್ಯಾಡ ಅಂತಾರ" ಎಂದು ಹೇಳಿಯೇ ಇನ್ನೊಬ್ಬರ ಗಾಡಿ ಹತ್ತಿದಳು. ದುರ್ಗಾ ಪಾಳಿಯಲ್ಲಿ ಮುಂದೆ ನಿಂತಿದ್ದರೂ ಜನ ಅವಳನ್ನು ದಾಟಿಕೊಂಡು ಹಿಂದಿನ ಗಾಡಿಗೆ ಹೋಗುತ್ತಿದ್ದರು. ಅವಳು ಗಾಜು ಒರೆಸುತ್ತಿದ್ದಳು. ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದಳು.

ಸ್ವಂತ ಆಟೋ ಇಲ್ಲದ ಹಂಪಯ್ಯ ಟೀ ಅಂಗಡಿಯ ಬೆಂಚಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ. ನಾಲ್ಕು ಹೆಜ್ಜೆ ನಡೆದು, "ತಪ್ಪು ನಂದು" ಎಂದರೆ ಮುಗಿಯುತ್ತಿತ್ತು. ದಿನಾ ಅದೇ ಯೋಚನೆಯಲ್ಲಿ ಮನೆಯಿಂದ ಬರುತ್ತಿದ್ದ. ಗಾದಿಲಿಂಗ ಟೀ ಕೊಡಿಸುತ್ತಿದ್ದ, ಹಂಪಯ್ಯ ಕುಡಿಯುತ್ತಿದ್ದ, ನಾಳೆ ಹೇಳಿದರಾಯಿತು ಎಂದುಕೊಂಡು ಮನೆಗೆ ಹೋಗುತ್ತಿದ್ದ. ದುರ್ಗಾ ನಾಲ್ಕು ದಿನ ನಗುತ್ತಾರೆ ಎಂದಿದ್ದಳು. ನಗು ನಿಜವಾಗಿ ಬೇಗ ನಿಂತಿತು. ನಿಂತದ್ದಕ್ಕೇ ಹಂಪಯ್ಯನಿಗೆ ಎಲ್ಲ ಸರಿಹೋಗುತ್ತದೆ ಎಂದು ಕಂಡಿತು. ನಗು ಹೋಗಿ ಅದರ ಜಾಗದಲ್ಲಿ ಅಪನಂಬಿಕೆ ಬಂದು ಕೂತದ್ದು ತಿಳಿಯುವಷ್ಟರಲ್ಲಿ ಸಂಕ್ರಾಂತಿ ದಾಟಿತ್ತು.

ಒಂದು ದಿನ ದುರ್ಗಾ ಊಟಕ್ಕೆ ಕೂತಾಗ, ಸಂಡೂರಿನ ಹತ್ತಿರ ಗಣಿ ಕಂಪನಿಯೊಂದರ ಕಾಲೊನಿಯಲ್ಲಿ ಬ್ಯಾಟರಿ ಬಸ್ಸು ಓಡಿಸಲು ಹೆಂಗಸರು ಬೇಕಾಗಿದ್ದಾರೆ, ಹಂಪಿಯ ಗೆಳತಿ ಫೋನ್ ಮಾಡಿದ್ದಳು, ಹೋಗುತ್ತೇನೆ ಎಂದಳು. ಇರಲು ಅಲ್ಲೇ ಒಂದು ಕೋಣೆ ಕೊಡುತ್ತಾರಂತೆ. ಜಂಬಕ್ಕ ಗಂಡನ ಮುಖ ನೋಡಿದಳು. ಹಂಪಯ್ಯ ತಟ್ಟೆ ನೋಡುತ್ತಿದ್ದ. "ಗಾಡಿ ಇಲ್ಲೇ ಬಿಟ್ಟು ಹೋಗ್ತೀನಿ ಯಪ್ಪಾ. ನಿನಗೂ ಗಾಡಿ ಇಲ್ಲ. ನೀನ ಓಡಿಸು" ಎಂದಳು. ಕೀ ತೆಗೆದುಕೊಂಡು ಅವನ ಪಕ್ಕದಲ್ಲಿಟ್ಟಳು. ಚಾರ್ಜ್ ಎಷ್ಟು ಹೊತ್ತು ಹಾಕಬೇಕು, ಎಷ್ಟರಲ್ಲಿ ತೆಗೆಯಬೇಕು ಎಂದು ಸಣ್ಣ ಹುಡುಗನಿಗೆ ಹೇಳುವಂತೆ ಹೇಳಿಕೊಟ್ಟಳು.

ಹಂಪಯ್ಯ ಬ್ಯಾಟರಿ ಆಟೋ ತಂದು ಪಾಳಿಗೆ ನಿಲ್ಲಿಸಿದ ಮೊದಲ ದಿನವೇ ಗಾಡಿ ತುಂಬಿತು. ಅದೇ ಗಾಡಿ, ಕಾಲುವೆಯ ನೀರು ಕುಡಿದ ಅದೇ ಗಾಡಿ. ಶಾಲೆಯ ಹುಡುಗಿಯರು ಹತ್ತಿದರು. ಶಾಕ್ ಹೊಡೆಯುತ್ತದೆ ಎಂದಿದ್ದವರೂ ಹತ್ತಿದರು. ವಿರುಪಮ್ಮ ಬುಟ್ಟಿಯನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಆರಾಮಾಗಿ ಕೂತು, "ಈಗ ಧೈರ್ಯ ಬಂತು ನೋಡಣ್ಣ. ಗಾಡಿ ಅಂದ್ರ ನಿನ್ನಂಥಾವ್ರ ಕೈಯಾಗ ಇರಬೇಕು. ಪಾಪ, ದುರ್ಗಾಗ ಏನ್ ತಿಳಿತದ" ಎಂದಳು.

ಹಂಪಯ್ಯನಿಗೆ ಗಾಡಿ ಮುಂದಕ್ಕೆ ಓಡಿಸಲಾಗಲಿಲ್ಲ. ಇಷ್ಟು ದಿನ ಯಾವ ನಗೆಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದನೋ ಆ ನಗೆ ಈಗ ಏನೂ ಅಲ್ಲವೆನ್ನಿಸಿತು. ಬುಕ್ಕಸಾಗರದ ದಾರಿಗೆ ತಿರುಗಬೇಕಾದವನು ಗಾಡಿ ತಿರುಗಿಸಿ ಮತ್ತೆ ಸ್ಟ್ಯಾಂಡಿಗೇ ತಂದ. ಹೆಂಗಸರು ಏನಣ್ಣ ಏನಣ್ಣ ಎನ್ನುತ್ತಿದ್ದಂತೆ ಇಳಿದು, ಬೇವಿನ ಮರದ ಕೆಳಗೆ ಕೂತಿದ್ದವರ ನಡುವೆ ಹೋಗಿ ನಿಂತ.

"ಕೇಳ್ರಿಲ್ಲಿ" ಎಂದ. ಕತೆ ಬಂತು ಎಂದು ಎಲ್ಲರೂ ಮುಖ ಅರಳಿಸಿ ತಿರುಗಿದರು. "ಗಾಡಿ ಕಾಲುವ್ಯಾಗ ಇಳಿಸಿದಾಂವ ನಾನು. ದುರ್ಗಾ ಅಲ್ಲ. ಅಕಿಗೆ ಗೊತ್ತ ಇರಲಿಲ್ಲ. ನಾನ ನಸುಕಿನ್ಯಾಗ ಒಯ್ದು, ಮುಚ್ಚಳ ಬಿಚ್ಚಿ ನೀರು ಹಾಕಿದೆ. ನನ್ನ ಮರ್ಯಾದಿ ಉಳಿಸಾಕ ಅಕಿ ತಾನಂದ್ಲು."

ಯಾರೂ ನಗಲಿಲ್ಲ. ಟೀ ಅಂಗಡಿಯವನು ಸ್ಟೋವ್ ಸಣ್ಣದು ಮಾಡಿದ.

"ನೀ ಮೂವತ್ತು ವರ್ಷ ಗಾಡಿ ಓಡಿಸಿದಾಂವ. ನೀ ಇಳಿಸ್ತೀಯೇನಲೇ?" ಎಂದ ಗಾದಿಲಿಂಗ.

"ಇಳಿಸಿದ್ನಿ. ಹುಲಿಗೆಮ್ಮನ ಆಣೆ."

"ಯಾರ್ ನೋಡ್ಯಾರ?"

ಯಾರೂ ನೋಡಿರಲಿಲ್ಲ. ಜಂಬಕ್ಕ ಬಂದದ್ದೂ ಎಲ್ಲ ಮುಗಿದ ಮೇಲೆ, ಅವಳು ಹೇಳಿದರೂ ಹೆಂಡತಿಯ ಮಾತು ಎಂದುಬಿಡುತ್ತಾರೆ. ಯಾರೂ ನೋಡಬಾರದೆಂದೇ ಹಿಂದಿನ ದಿನ ನಸುಕಿನಲ್ಲಿ ಹೋಗಿದ್ದ. "ದುರ್ಗಾನ ಕೇಳ್ರಿ" ಎಂದ ಹಂಪಯ್ಯ. "ಅಕಿ ಹೇಳ್ತಾಳ."

ಗಾದಿಲಿಂಗ ಫೋನ್ ತೆಗೆದು ನಂಬರ್ ಒತ್ತಿ, ಎಲ್ಲರಿಗೂ ಕೇಳುವ ಹಾಗೆ ಹಿಡಿದ. ಸಂಡೂರಿನಿಂದ ದುರ್ಗಾಳ ದನಿ ಬಂತು. ಹಿಂದೆ ಹೆಂಗಸರ ಮಾತು, ಬಸ್ಸಿನ ಬಾಗಿಲು ಹಾಕಿದ ಸದ್ದು.

"ದುರ್ಗಾ, ನಾನವ್ವ, ಗಾದಿಲಿಂಗ ಮಾವ. ನಿಮ್ಮಪ್ಪ ಇಲ್ಲಿ ಸ್ಟ್ಯಾಂಡಿನ್ಯಾಗ ಎಲ್ಲಾರ ಮುಂದ ನಿಂತು ಏನೇನೋ ಹೇಳಾಕತ್ಯಾನ. ಗಾಡಿ ತಾನ ಇಳಿಸಿದ್ದಂತ. ಖರೇನೇನು?"

ಹಂಪಯ್ಯ ಫೋನಿನ ಹತ್ತಿರ ಬಾಗಿ, "ಖರೇ ಹೇಳಿಬಿಡವ್ವ" ಎಂದ. ಅವನ ದನಿ ನಡುಗುತ್ತಿತ್ತು. ಆ ನಡುಕವೇ ಕೆಲಸ ಕೆಡಿಸಿತೋ ಏನೋ. ಅಪ್ಪನನ್ನು ನಾಲ್ಕು ಜನ ಸುತ್ತುಗಟ್ಟಿ ನಿಲ್ಲಿಸಿಕೊಂಡಿದ್ದಾರೆ ಎಂದು ಅವಳಿಗೆ ಕಂಡಿರಬೇಕು.

"ಇಲ್ಲ ಮಾವ, ನಾನ ಇಳಿಸಿದ್ದು" ಎಂದಳು ದುರ್ಗಾ. "ನಾ ಇಲ್ಲಿಗೆ ಬಂದೀನಂತ ಅಪ್ಪ ಮನಸಿಗೆ ಹಚ್ಕೊಂಡಾನ. ಹಂಗೆಲ್ಲ ಹೇಳ್ಕೋತ ತಿರುಗಬ್ಯಾಡ ಅನ್ರಿ. ಇಲ್ಲಿ ನಾ ಚಲೋ ಅದೀನಿ."

ಫೋನ್ ಕಟ್ಟಾಯಿತು. ಗಾದಿಲಿಂಗನ ಕಣ್ಣು ಒದ್ದೆಯಾಗಿತ್ತು. ಹಂಪಯ್ಯನ ಹೆಗಲ ಮೇಲೆ ಕೈ ಹಾಕಿ ಎಲ್ಲರ ಕಡೆ ತಿರುಗಿಸಿ ನಿಲ್ಲಿಸಿದ. "ನೋಡ್ರಲೇ. ಅಪ್ಪ ಅಂದ್ರ ಹಿಂಗಿರಬೇಕು. ಮಗಳ ತಪ್ಪು ತನ್ನ ತಲಿ ಮ್ಯಾಲ ಹೊತ್ಕೊಳ್ಳಾಕ ದೇವರ ಮ್ಯಾಲ ಸುಳ್ಳು ಆಣೆ ಮಾಡಾಕೂ ಅಂಜಲಿಲ್ಲ."

"ಸುಳ್ಳಲ್ಲಲೇ" ಎಂದು ಹಂಪಯ್ಯ ಕೂಗಿದ. ಕೂಗಿದಷ್ಟೂ ಅವರ ಮುಖಗಳು ಕರಗಿದವು. ಗಾಡಿಯಿಂದ ಇಳಿದು ಬಂದಿದ್ದ ವಿರುಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಹುಡುಗಿ ಪುಣ್ಯ ಮಾಡ್ಯಾಳ ಬಿಡು" ಎಂದಳು. ಯಾರೋ ಟೀ ತಂದು ಅವನ ಕೈಗೆ ಕೊಟ್ಟರು. ಮಗಳ ಹೆಸರನ್ನು ಮಗಳಿಗೆ ತಿರುಗಿ ಕೊಡಲು ಬಂದಿದ್ದ ಹಂಪಯ್ಯ, ಒಳ್ಳೆಯ ಅಪ್ಪ ಎಂಬ ಹೆಸರು ಹೊತ್ತುಕೊಂಡು ಮನೆಗೆ ಹೋದ.